ಲಾಳಿ ಬಂದೂಕಿನ ಹಿಡಿ

ಹೋದ ವಾರ ಪಕ್ಕದ ಮನೆಯವರು ಕಿಟಕಿಗಳಿಗೆ ಬಣ್ಣ ಹೊಡೆಸಿದರು. ನಾನು ಕಟ್ಟೆಯ ಮೇಲೆ ಕೂತು ಮೆಂತ್ಯದ ಪಲ್ಯೆ ಸೋಸುತ್ತಿದ್ದೆ. ಬಣ್ಣದವನು ಡಬ್ಬಿಯ ಮುಚ್ಚಳ ಕಿತ್ತು ಅದರೊಳಗೆ ಅಗಸೆ ಎಣ್ಣೆ ಸುರಿದ. ವಾಸನೆ ಮೂಗಿಗೆ ಬಂತು, ನನ್ನ ಕೈ ನಿಂತಿತು. ಅಗಸೆಯ ಹಿಂಡಿ ರೊಟ್ಟಿಯ ಜೊತೆ ತಿಂದು ಬೆಳೆದ ನಿಮಗೆ ಅದರ ವಾಸನೆ ನಾನು ಹೇಳಬೇಕಾಗಿಲ್ಲ. ಆದರೆ ಅಗಸೆ ಎಣ್ಣೆಗೆ ಎರಡು ವಾಸನೆ ಇವೆ. ಹಸಿಯದು ಹೊಲದ ವಾಸನೆ. ಕಾಸಿದ್ದು ನನ್ನ ಅಪ್ಪನ ವಾಸನೆ. ಬಣ್ಣದವನು ನನ್ನನ್ನು ನೋಡಿ, "ಯಾಕ್ರೀ ಅಜ್ಜಿ, ತಲಿ ತಿರಗಾಕತ್ತೈತೇನು? ಒಳಗ ಹೋಗ್ರಿ" ಎಂದ. "ನಿನ್ನ ಎಣ್ಣಿ ಹಸೀದೈತಿ. ಕಾಸಿ ತರಬೇಕಿತ್ತು" ಎಂದೆ. ಅವನು ನಕ್ಕು, "ನಿಮಗೇನ ಗೊತ್ತಬೇ ಬಣ್ಣದ್ದು" ಎಂದ. ಬಣ್ಣದ್ದು ನನಗೆ ಗೊತ್ತಿಲ್ಲ. ಕಟ್ಟಿಗೆಯದು ಗೊತ್ತು, ಕಬ್ಬಿಣದ್ದು ಗೊತ್ತು. ಅಕ್ಷರ ಕಲಿತದ್ದು ನಡುವಯಸ್ಸು ದಾಟಿದ ಮೇಲೆ. ಬಂದೂಕು ಬಿಚ್ಚಲು ಕಲಿತದ್ದು ಹತ್ತು ವರ್ಷಕ್ಕೆ.

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಮನೆ. ಮುಂದಿನ ಅರ್ಧ ಅಪ್ಪನ ಅಂಗಡಿ, ಹಿಂದಿನ ಅರ್ಧ ನಾವು. ನಡುವೆ ಗೋಣಿತಾಟಿನ ಒಂದು ಪರದೆ. ಅಪ್ಪನ ಹೆಸರು ಕಾಳಪ್ಪ, ಕಮ್ಮಾರರ ಕಾಳಪ್ಪ. ಬಂದೂಕು ರಿಪೇರಿ ಮಾಡಲು ಸರಕಾರದ ಪರವಾನಗಿ ಬೇಕಿತ್ತು; ಆ ಕಾಗದಕ್ಕೆ ಗಾಜು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದ. ಅವ್ವ ನಾನು ಎರಡು ವರ್ಷದವಳಿದ್ದಾಗಲೇ ಹೋಗಿದ್ದಳು. ನನ್ನನ್ನು ಸಾಕಿದವಳು ಅಪ್ಪನ ತಾಯಿ, ನನ್ನ ಆಯಿ. ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೂಗಿದರೆ ಆಯಿ ಒಲೆ ಹೊತ್ತಿಸುತ್ತಿದ್ದಳು, ಅಪ್ಪ ಕುಲುಮೆ ಹೊತ್ತಿಸುತ್ತಿದ್ದ. ಎರಡೂ ಹೊಗೆ ಒಂದೇ ಸೂರಿನ ಕೆಳಗೆ ಸೇರುತ್ತಿದ್ದವು. ನಾನು ತಿಂದ ರೊಟ್ಟಿಗೆ ಯಾವಾಗಲೂ ಸ್ವಲ್ಪ ಇದ್ದಲಿನ ರುಚಿ ಇತ್ತು. ಇವತ್ತಿನ ಗ್ಯಾಸಿನ ಒಲೆಯ ರೊಟ್ಟಿ ನನಗೆ ಸಪ್ಪೆ. ಹಳ್ಳಿಗಳಿಂದ ಬಾಯಿಯಲ್ಲಿ ಮದ್ದು ತುಂಬುವ ಹಳೆಯ ನಳಿಗೆಗಳು ಬರುತ್ತಿದ್ದವು, ಗೌಡರ, ಇನಾಮದಾರರ ಮನೆಗಳಿಂದ ಜೋಡುನಳಿಗೆಗಳು ಬರುತ್ತಿದ್ದವು. ಯಾರ ಬಂದೂಕೇ ಆಗಲಿ, ಹೊಸ್ತಿಲ ಹೊರಗೆ ನಿಂತು ಬಿಚ್ಚಿ, ಒಳಗೆ ತೋಟಾ ಇಲ್ಲವೆಂದು ಅಪ್ಪನಿಗೆ ತೋರಿಸಿಯೇ ಒಳಗೆ ಬರಬೇಕು. ಒಬ್ಬ ಫೌಜದಾರನನ್ನೂ ಅಪ್ಪ ಹಾಗೆಯೇ ನಿಲ್ಲಿಸಿದ್ದ.

ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಅಪ್ಪನ ಕೈ ನಡುಗಲು ಹತ್ತಿತ್ತು. ಮೊದಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ಹಗಲೆಲ್ಲ. ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದರೂ ಧೋತರದ ಮೇಲೆ ಚೆಲ್ಲುತ್ತಿತ್ತು. ಕೈ ನಡುಗುವ ಕಮ್ಮಾರನಿಗೆ ಯಾರು ಬಂದೂಕು ಕೊಡುತ್ತಾರೆ? ಅದಕ್ಕೆ ಗಿರಾಕಿ ಬಂದಾಗ ಅಪ್ಪ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ದೊಡ್ಡ ಮನುಷ್ಯನ ಹಾಗೆ ನಿಲ್ಲುತ್ತಿದ್ದ. ಅವರು ಹೋದ ಮೇಲೆ ಬಂದೂಕು ಪರದೆಯ ಹಿಂದೆ ನನ್ನ ಹತ್ತಿರ ಬರುತ್ತಿತ್ತು. ಅವನು ಬಾಯಿಂದ ಹೇಳುತ್ತಿದ್ದ, ನಾನು ಕೈಯಿಂದ ಮಾಡುತ್ತಿದ್ದೆ. ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಯಿಗೆ ಗೊತ್ತಿತ್ತು. ನನ್ನ ಉಗುರಿನ ಸಂದಿಯ ಮಸಿ ನೋಡಿ, "ಈ ಕೈ ನೋಡಿದ ಬೀಗರು ಚಹಾ ಕುಡೀದ ಎದ್ದ ಹೋಗ್ತಾರ, ಗಂಗಿ" ಎನ್ನುತ್ತಿದ್ದಳು. ನಾನು, "ಹೋಗ್ಲಿ ಬಿಡು, ಸಕ್ರಿ ಉಳೀತು" ಎನ್ನುತ್ತಿದ್ದೆ.

ಆ ಬಂದೂಕು ಬಂದದ್ದು ನನಗೆ ಹದಿನೈದು ನಡೆಯುವಾಗ. ಶಿರಗುಪ್ಪಿ ಕಡೆಯ ಬಸನಗೌಡರು ತಂದರು. ತನ್ನ ದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ಬಿಳಿ ಸಾಹೇಬನಿಂದ ಕೊಂಡದ್ದಂತೆ, ಅಮೇರಿಕೆಯದು. ಬೇರೆ ಬಂದೂಕುಗಳಲ್ಲಿ ಒಂದೋ ಎರಡೋ ಈಡು ಹೊಡೆದರೆ ನಿಲ್ಲಿಸಿ ಮತ್ತೆ ತುಂಬಬೇಕು. ಇದರಲ್ಲಿ ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರ ಹೊಟ್ಟೆಯಲ್ಲಿ ಐದು ತೋಟಾ ಸಾಲಾಗಿ ಮಲಗುತ್ತಿದ್ದವು. ಆ ಕೊಳವೆಯ ಮೇಲೆ ಕಟ್ಟಿಗೆಯ ಒಂದು ಹಿಡಿ. ಎಡಗೈಯಿಂದ ಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತಿತ್ತು, ಮುಂದಕ್ಕೆ ದೂಡಿದರೆ ಹೊಸದು ಮೇಲೆದ್ದು ನಳಿಗೆಯೊಳಗೆ ಹೋಗಿ ಕೂರುತ್ತಿತ್ತು. ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ. ನಮ್ಮ ಹಿಂದಿನ ಓಣಿಯಲ್ಲಿ ನೇಕಾರರ ಮಗ್ಗಗಳಿದ್ದವು. ಅಲ್ಲಿ ಲಾಳಿ ಓಡುವ ಸದ್ದೂ ಇದರ ಸದ್ದೂ ಅಕ್ಕತಂಗಿಯರ ಹಾಗಿದ್ದವು. ಆಯಿ ಅದಕ್ಕೆ ಲಾಳಿ ಬಂದೂಕು ಎಂದು ಹೆಸರಿಟ್ಟಳು. ನಮಗೆಲ್ಲ ಅದೇ ಹೆಸರು ಉಳಿಯಿತು.

ಆ ಬಂದೂಕಿನ ಹಿಡಿ ಉದ್ದಕ್ಕೆ ಸೀಳಿತ್ತು. ತಂತಿ ಸುತ್ತಿ ಬಿಗಿದಿದ್ದರು. ದೊಡ್ಡ ಊರಿನ ಅಂಗಡಿಯವರು ನೋಡಿ, ಯುದ್ಧ ಮುಗಿಯುವವರೆಗೆ ಅಮೇರಿಕೆಯಿಂದ ಸಾಮಾನು ಬರುವುದಿಲ್ಲ, ಗೋಡೆಗೆ ತೂಗುಹಾಕಿರಿ ಎಂದಿದ್ದರಂತೆ. "ಆಗ್ತೈತೇನು ಕಾಳಪ್ಪ? ಖಂಡೇನವಮಿಯೊಳಗ ಬೇಕು. ಹಿರ್ಯಾರ ಕತ್ತಿ ಜೋಡಿ ಪೂಜಾಕ್ಕ ಇಡಬೇಕು" ಎಂದರು ಗೌಡರು. ಅಪ್ಪ ಕೈ ಹಿಂದೆ ಕಟ್ಟಿಕೊಂಡೇ ಆ ಬಂದೂಕಿನ ಸುತ್ತ ಒಂದು ಸುತ್ತು ಬಂದ. "ಆಗ್ತೈತ್ರಿ" ಎಂದ.

ಗೌಡರು ಹೋದ ಮೇಲೆ ಅದನ್ನು ಚಾಪೆಯ ಮೇಲೆ ಬಿಚ್ಚಿ ಹಾಸಿದೆವು. ಅಲ್ಲಿಯವರೆಗೆ ನಾನು ನೂರು ಬಂದೂಕಿನ ಹೊಟ್ಟೆ ನೋಡಿದ್ದೆ. ಹೊರಗೆ ಬೆಳ್ಳಿಯ ಹೂಬಳ್ಳಿ ಇರುತ್ತಿತ್ತು, ಒಳಗೆ ಅರ ತಿಕ್ಕಿದ ಗೀರು ಹಾಗೇ ಇರುತ್ತಿತ್ತು. ಯಾರು ನೋಡುತ್ತಾರೆ ಅಂತ. ಈ ಬಂದೂಕು ಹೊರಗೆ ಬೋಳು. ಒಂದು ಹೂವಿಲ್ಲ, ಒಂದು ಎಲೆಯಿಲ್ಲ. ಒಳಗೆ ನೋಡಿದರೆ ಒಂದೊಂದು ತುಂಡೂ ತೊಳೆದಿಟ್ಟ ಹಿತ್ತಾಳೆಯ ತಂಬಿಗೆಯ ಹಾಗೆ ನುಣ್ಣಗೆ. ಮೂಲೆ ಇರುವಲ್ಲಿ ಮೂಲೆ, ಉರುಟು ಬೇಕಾದಲ್ಲಿ ಉರುಟು. ತೋಟಾ ಎತ್ತುವ ಚಮಚದಂಥ ತುಂಡೊಂದಿತ್ತು. ಅದನ್ನು ಬೆರಳಲ್ಲಿ ಒತ್ತಿದರೆ ಕರುವಿನ ನಾಲಿಗೆಯ ಹಾಗೆ ಮೇಲೆದ್ದು ಇಳಿಯುತ್ತಿತ್ತು. ತೋಟಾದ ಬೆನ್ನಿಗೆ ಹೊಡೆಯುವ ಸುತ್ತಿಗೆಯಂಥ ತುಂಡು, ಅದಕ್ಕೆ ಕುದುರೆ ಎನ್ನುತ್ತಾರೆ, ಅದು ಮಾತ್ರ ಹೊರಗೆ, ಹಿಂದೆ. ಉಳಿದದ್ದೆಲ್ಲ ಮುಚ್ಚಿದ ಬಾಗಿಲ ಹಿಂದಿನ ಸಂಸಾರ. ಒಂದು ತುಂಡಿನ ಒಳಮೈಯಲ್ಲಿ, ಬಿಚ್ಚದ ಹೊರತು ಕಾಣದ ಜಾಗದಲ್ಲಿ, ಎಳ್ಳಿನಷ್ಟು ಒಂದು ಗುರುತು ಕೆತ್ತಿತ್ತು. ಅಪ್ಪ ಅದನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದ. "ಇಂವ ಯಾಂವೋ ಗೊತ್ತಿಲ್ಲ. ತಾ ಮಾಡಿದ್ದು ಅಂತ ಹೇಳ್ಯಾನ, ಯಾರಿಗೂ ತೋರಿಸದ ಹೇಳ್ಯಾನ" ಎಂದ. ಸಮುದ್ರದ ಆಚೆಯ ಆ ಮನುಷ್ಯನಿಗೆ ಅಪ್ಪ ಕೈ ಮುಗಿಯಲಿಲ್ಲ, ಅಂಥವನಲ್ಲ ಅವನು. ಆದರೆ ಆ ತುಂಡನ್ನು ಒರೆಸುವಾಗ ಒಗೆದ ಅರಿವೆಯನ್ನೇ ತೆಗೆದುಕೊಂಡ.

ಹಿಡಿಗೆ ಕಟ್ಟಿಗೆ ಯಾವುದು? ಉದ್ದಕ್ಕೂ ತೂತು ಕೊರೆಯಬೇಕು, ತೂತಿನ ಸುತ್ತಲಿನ ಗೋಡೆ ರೊಟ್ಟಿಯ ದಪ್ಪ ಉಳಿಯಬೇಕು, ಸೀಳಬಾರದು, ಮಳೆಗೆ ಉಬ್ಬಬಾರದು. ಅಪ್ಪ ಅಂಗಡಿಯ ಕಟ್ಟಿಗೆಗಳನ್ನೆಲ್ಲ ಬಡಿದು ನೋಡಿ ಬದಿಗಿಟ್ಟ. ಆಮೇಲೆ ಅಡಿಗೆ ಮನೆಯ ಮೂಲೆಗೆ ಹೋಗಿ ನಿಂತ. ಅಲ್ಲಿ ಆಯಿಯ ಒನಕೆ ಇತ್ತು. ಬೀಟೆಯದು, ಕೆಳಗಿನ ಕಬ್ಬಿಣದ ಬಳೆ ಬಿದ್ದುಹೋಗಿ ತುದಿ ಒಡೆದು ಮೂಲೆ ಸೇರಿತ್ತು. ಐವತ್ತು ವರ್ಷ ಮೂರು ತಲೆಮಾರಿನ ಹೆಣ್ಣುಮಕ್ಕಳು ಕುಟ್ಟಿ ಕುಟ್ಟಿ ನಡುವಿನ ಭಾಗ ಕೈಬೆವರು ಕುಡಿದು ಕರ್ರಗೆ ಮಿರುಗುತ್ತಿತ್ತು. ಸೀಳುವುದಿದ್ದರೆ ಅದು ಯಾವತ್ತೋ ಸೀಳಬೇಕಿತ್ತು. ಅಪ್ಪ ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು: "ನನ್ನ ಮದವ್ಯಾಗ ಬಂದದ್ದು ಅದು. ಒಲಿಗೆ ಕೊಡೂದಿಲ್ಲ ಅಂದಿದ್ನಿ. ಬಂದೂಕಕ್ಕಾದ್ರ ತಗೋ. ಕುಟ್ಟೂ ಚಟ ಬಿಡಲಿಕ್ಕಿಲ್ಲ ಅದು."

ಹತ್ತೊಂಬತ್ತು ದಿನ ಹಿಡಿಯಿತು. ಒನಕೆಯ ನಡುವಿನ ತುಂಡನ್ನು ಹಗ್ಗದ ತಿರುಗಣಿಯಲ್ಲಿ ಕಟ್ಟಿ ಆಯಿ ಹಗ್ಗ ಎಳೆದಳು, ನಾನು ಉಳಿ ಹಿಡಿದೆ. ಬೈರಿಗೆಯಿಂದ ಅರ್ಧ ಆ ಕಡೆಯಿಂದ, ಅರ್ಧ ಈ ಕಡೆಯಿಂದ ಕೊರೆದು ನಡುವೆ ಕೂಡಿಸಿದೆ. ಕೂಡಿದ ಜಾಗದಲ್ಲಿ ಕೂದಲಷ್ಟೂ ಮೆಟ್ಟಿಲು ಇರಬಾರದು. ಆಮೇಲೆ ನಿಜವಾದ ಕೆಲಸ. ದೀಪದ ಮೇಲೆ ಹಿತ್ತಾಳೆಯ ತಾಟು ಹಿಡಿದು ಮಸಿ ಕೂಡಿಸುವುದು, ಅದನ್ನು ಎಣ್ಣೆಯಲ್ಲಿ ಕಲಸಿ ಬಂದೂಕಿನ ಕಬ್ಬಿಣಕ್ಕೆ ತೆಳ್ಳಗೆ ಸವರುವುದು, ಕಟ್ಟಿಗೆಯನ್ನು ಅದರ ಮೇಲೆ ಸೇರಿಸಿ ತೆಗೆಯುವುದು. ಕಟ್ಟಿಗೆಯೊಳಗೆ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ತಾಗುತ್ತಿದೆ ಎಂದು ಅರ್ಥ. ಅಲ್ಲಷ್ಟೇ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಸೇರಿಸು, ಮತ್ತೆ ಕೆರೆ. ನಾನು ಬೇಸತ್ತು "ಸಾಕಲ್ಲಪ್ಪ" ಎಂದರೆ ಅಪ್ಪನದು ಒಂದೇ ಮಾತು: "ನನ್ನ ಕೇಳಬ್ಯಾಡ. ಮಸಿ ಕೇಳು. ಅದು ಸುಳ್ಳು ಹೇಳೂದಿಲ್ಲ." ಒಳಗೆಲ್ಲ ಒಂದೇ ಸಮ ಕಪ್ಪು ಹತ್ತಿದ ದಿನ ಅವನು ಹೂಂ ಎಂದ. ಮೇಲ್ಗಡೆ ಗೋವಿನಜೋಳದ ತೆನೆಯ ಹಾಗೆ ಸುತ್ತು ಗೆರೆ ತೆಗೆದೆ, ಬೆವರಿದ ಕೈ ಜಾರದಿರಲಿ ಎಂದು. ಕಾಸಿದ ಅಗಸೆ ಎಣ್ಣೆಯನ್ನು ಅಂಗೈ ಬಿಸಿಯಾಗುವವರೆಗೆ ತಿಕ್ಕಿದೆ. ಅರಿವೆಯಿಂದ ಅಲ್ಲ, ಅಂಗೈಯಿಂದ.

ಕಬ್ಬಿಣಕ್ಕೆ ಸೇರಿಸುವ ಮೊದಲು ಅಪ್ಪ ತಡೆದ. ಅವನು ಮಾಡಿದ ಕಟ್ಟಿಗೆಗಳ ಒಳಮೈಯಲ್ಲಿ ಉಳಿಯ ಎರಡು ಚುಕ್ಕೆ ಇಡುವುದು ಅವನ ರೂಢಿ. ನಾನು ಆ ಎರಡು ಚುಕ್ಕೆ ಇಡಲು ಉಳಿ ಎತ್ತಿಕೊಂಡಿದ್ದೆ. "ಅದು ನಂದು. ನಿಂದು ಹಾಕು" ಎಂದ. ನನ್ನದು ಏನಿದೆ? ನನಗೆ ಆಗ ಹೆಸರು ಬರೆಯಲು ಬರುತ್ತಿರಲಿಲ್ಲ. ಮಸಿಯಲ್ಲಿ ಹೆಬ್ಬೆರಳು ಅದ್ದಿ ತೂತಿನ ಬಾಯಿಯೊಳಗೆ ಒತ್ತಿದೆ. ಅದರ ಮೇಲೆ ಕಾಸಿದ ಎಣ್ಣೆ ಸವರಿ ಒಣಗಿಸಿದೆವು. ಅಪ್ಪ ನೋಡಿ, "ಇದು ಅಳಿಸೂದಿಲ್ಲ" ಎಂದ. ಅಷ್ಟೇ.

ಖಂಡೇನವಮಿಯ ಹಿಂದಿನ ದಿನ ಗೌಡರು ಬಂದರು. ಕಂಕುಳಲ್ಲಿ ಹೊಸ ರುಮಾಲಿನ ಗಂಟು. ಆಗಿನ ಪದ್ಧತಿ ಹಾಗಿತ್ತು, ಆಯುಧದ ಕೆಲಸ ಮನಸ್ಸಿಗೆ ಬಂದರೆ ಹಬ್ಬದ ಮುಂದೆ ಯಜಮಾನ ತನ್ನ ಕೈಯಿಂದ ಕಮ್ಮಾರನ ತಲೆಗೆ ರುಮಾಲು ಸುತ್ತಬೇಕು. ರುಮಾಲು ಕಟ್ಟಿಸಿಕೊಂಡವನ ಹೆಸರು ಸುತ್ತಿನ ಹಳ್ಳಿಗೆಲ್ಲ ಹೋಗುತ್ತಿತ್ತು. ನಾನು ಪರದೆಯ ತೂತಿನಲ್ಲಿ ಕಣ್ಣಿಟ್ಟು ನಿಂತಿದ್ದೆ. ಗೌಡರು ಹಿಡಿಯನ್ನು ಹಿಂದಕ್ಕೆ ಎಳೆದರು, ಮುಂದಕ್ಕೆ ದೂಡಿದರು. ಇನ್ನೊಮ್ಮೆ. ಮತ್ತೊಮ್ಮೆ, ಕಣ್ಣು ಮುಚ್ಚಿ. "ಬೆಣ್ಯಾಗಿನ ಕೂದಲಾ ತಗದಂಗ ಬರ್ತೈತಲ್ಲೋ ಕಾಳಪ್ಪ. ಇಂಥಾ ಕೈ ಇನ್ನ ಎಲ್ಲೆ ಅದಾವು?" ಎಂದು ರುಮಾಲಿನ ಗಂಟು ಬಿಚ್ಚಿದರು. ಕೆಂಪು ಅಂಚಿನದು.

ಆಗ ಅಪ್ಪ, ಯಾವ ಗಿರಾಕಿಯ ಎದುರಿಗೂ ಮಾಡದ್ದನ್ನು ಮಾಡಿದ. ಬೆನ್ನ ಹಿಂದಿನ ಎರಡೂ ಕೈ ಮುಂದಕ್ಕೆ ತಂದು ಚಾಚಿದ. ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. "ಇವನ್ನ ನೋಡ್ರಿ ಗೌಡ್ರ. ಇವು ಚಾದ ಬಸಿ ಹಿಡಿಯೂದಿಲ್ಲ. ಹಿಡಿ ಮಾಡಿದಾಕಿ ನನ್ನ ಮಗಳು, ಪರದೇದ ಹಿಂದ ನಿಂತಾಳ. ಕಟ್ಟಿಗಿ ನಮ್ಮವ್ವನ ಒನಕಿ. ರುಮಾಲ ನನ್ನ ತಲಿಗೆ ಸಲ್ಲೂದಿಲ್ಲ."

ಗೌಡರು ಕೆಟ್ಟ ಮನುಷ್ಯರಲ್ಲ. ಆದರೆ ಮುಖ ಕಪ್ಪಾಯಿತು. "ಹೆಣ್ಣಹುಡುಗಿ ಮಾಡಿದ್ದು, ಅದೂ ಒನಕಿದು, ಹಿರ್ಯಾರ ಕತ್ತಿ ಬಾಜೂಕ ಹ್ಯಾಂಗಿಡ್ಲಿ? ಗೌಡ ಒನಕಿ ಹಿಡಕೊಂಡ ಬ್ಯಾಟಿಗೆ ಹೊಂಟಾನ ಅಂತ ಊರ ನಗೂದಿಲ್ಲೇನು?" ಎಂದರು. ಆಮೇಲೆ ದನಿ ಇಳಿಸಿ, "ಕಾಳಪ್ಪ, ನೀನ ಮಾಡೀದಿ ಅನ್ನು. ನಾ ಏನೂ ಕೇಳಿಲ್ಲ, ನೀ ಏನೂ ಹೇಳಿಲ್ಲ. ಬಾ, ರುಮಾಲ ಕಟ್ಟಿಸ್ಕೋ" ಎಂದರು.

ಇದ್ದದ್ದು ಹೇಳುತ್ತೇನೆ: ಅಪ್ಪ ಹೂಂ ಅನ್ನಲಿ ಎಂದು ಪರದೆಯ ಹಿಂದೆ ನಾನೇ ಅಂದುಕೊಂಡೆ. ಒಂದು ಹೂಂ ಅಂದರೆ ಅಂಗಡಿ ಉಳಿಯುತ್ತಿತ್ತು, ಕೈಯ ಗುಟ್ಟು ಉಳಿಯುತ್ತಿತ್ತು, ನನಗೂ ಕೆಲಸ ಇರುತ್ತಿತ್ತು. ಅಪ್ಪ ಅನ್ನಲಿಲ್ಲ. "ಅದೊಂದ ಬಿಟ್ಟು ಬ್ಯಾರೆ ಏನರ ಹೇಳ್ರಿ" ಎಂದ. ಆಮೇಲೆ ತಿರುಗದೆಯೇ ಕೂಗಿದ: "ಗಂಗವ್ವಾ, ಹೊರಗ ಬಾ. ಹಿಡಿ ಬಿಚ್ಚು."

ಮಸಿ ಕೈಯಲ್ಲೇ ಹೊರಗೆ ಬಂದೆ. ಗಿರಾಕಿಯ ಎದುರು ನಾನು ಬಂದದ್ದು ಅದೇ ಮೊದಲು. ತಿರುಪಿನ ಪೇಚು ಬಿಚ್ಚಿದೆ, ನನ್ನ ಹಿಡಿ ತೆಗೆದೆ, ತಂತಿ ಸುತ್ತಿದ ಹಳೆಯ ಸೀಳು ಹಿಡಿಯನ್ನೇ ಮತ್ತೆ ಕೂರಿಸಿದೆ. ನನ್ನ ಕೈ ನಡುಗಲಿಲ್ಲ. "ನಿಮ್ಮ ಬಂದೂಕ ನಿಮಗ. ನಮ್ಮ ಹಿಡಿ ನಮಗ" ಎಂದ ಅಪ್ಪ. ಗೌಡರು ರುಮಾಲನ್ನು ಮತ್ತೆ ಗಂಟು ಕಟ್ಟಿ, ಬಂದೂಕು ಎತ್ತಿಕೊಂಡು ಹೋದರು. ಆಯಿ ಒಳಗಿನಿಂದ ಎಲ್ಲ ಕೇಳಿದ್ದಳು. "ರುಮಾಲರ ಇಸಕೋಬೇಕಿತ್ತಲ್ಲೋ, ಎರಡ ಕುಬಸ ಆಗ್ತಿದ್ದವು" ಎಂದು ಒಲೆಗೆ ಊದಿದಳು.

ಕಾಳಪ್ಪನ ಕೈ ಹೋಗಿದೆ ಎಂಬ ಸುದ್ದಿ ಹಬ್ಬದ ಜೊತೆಗೇ ಊರು ಸುತ್ತಿತು. ಬನ್ನಿ ಕೊಡಲು ಬಂದವರು ಅಪ್ಪನ ಮುಖ ಬಿಟ್ಟು ಕೈ ನೋಡಿದರು. ಆಮೇಲೆ ಒಂದು ತಿಂಗಳು ಒಂದೇ ಒಂದು ಬಂದೂಕು ಬರಲಿಲ್ಲ. ನನ್ನ ಹಿಡಿ ಗೋಡೆಯ ಗೂಡಿನಲ್ಲಿ ಕೂತಿತ್ತು. ನಾನು ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ತಿಕ್ಕುತ್ತಿದ್ದೆ, ಸಿಟ್ಟಿನಿಂದ ತಿಕ್ಕುತ್ತಿದ್ದೆ. ಅಪ್ಪ ಕುಲುಮೆಯ ಮುಂದೆ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತಿದ್ದ. ಇನ್ನು ಹಿಂದೆ ಕಟ್ಟಿಕೊಳ್ಳುತ್ತಿರಲಿಲ್ಲ.

ಒಂದು ಮುಂಜಾನೆ ಸವಾರಿ ಬಂಡಿ ಬಂದು ನಿಂತಿತು. ಮೊದಲು ಇಳಿದವಳು ಗೌಡರ ತಾಯಿ. ಎಪ್ಪತ್ತು ದಾಟಿದ ಗೌಡಶಾನಿ, ಇಳಕಲ್ ಸೀರೆ, ಬಾಗದ ಬೆನ್ನು. ಹಿಂದೆ ಬಂದೂಕು ಹಿಡಿದು ಗೌಡರು, ಶಾಲೆಗೆ ಎಳೆತಂದ ಹುಡುಗನ ಮೋರೆ ಮಾಡಿಕೊಂಡು. ಆಕೆ ಹೊಸ್ತಿಲ ಹೊರಗೇ ನಿಂತಳು. "ಬಿಚ್ಚಿ ತೋರಸೋ, ಈ ಮನೀ ರೀತಿ ಗೊತ್ತಿಲ್ಲೇನು?" ಎಂದು ಮಗನಿಗೆ ಹೇಳಿ, ಅವರು ತೋರಿಸಿದ ಮೇಲೆ ಒಳಗೆ ಬಂದು ಚಾಪೆಯ ಮೇಲೆ ಕೂತಳು. "ನಿನ್ನ ಮಗಳು ಎಲ್ಲೆ ಕಾಳಪ್ಪ? ಕರಿ. ಆಕಿ ಮುಂದ ಹೇಳ್ಬೇಕು."

ಹೇಳಿದಳು. ಊರ ಬಡಿಗನ ಕಡೆಯಿಂದ ಗೌಡರು ಜಾಲಿಯ ಹಿಡಿ ಮಾಡಿಸಿದ್ದರಂತೆ. ಹಸಿ ಕಟ್ಟಿಗೆ, ಮಸಿ ಇಲ್ಲ, ಏನಿಲ್ಲ, ಕಣ್ಣಂದಾಜು. "ಹಳ್ಳದ ದಂಡಿ ಕಂಟ್ಯಾಗಿಂದ ಹಂದಿ ಎದ್ದು ಶೇಂಗಾದ ಹೊಲಕ್ಕ ಬಂತು. ನನ್ನ ಮಗಾ ಒಂದ ಈಡು ಹೊಡದಾ, ತಪ್ಪಿತು. ಹಿಡಿ ಎಳದಾ, ಬರಲಿಲ್ಲ. ಮತ್ತ ಎಳದಾ, ಬರಲಿಲ್ಲ. ಇಬ್ಬನಿಗೆ ಉಬ್ಬಿ ಕಚ್ಚಕೊಂಡ ಕುಂತಿತ್ತು. ಹಂದಿ ನಿಂತು ನೋಡೇ ನೋಡ್ತು. ಬ್ಯಾಸತ್ತು ಶೇಂಗಾ ತಿನ್ನಾಕ ಹೋತು."

ಆಯಿ ಒಳಗೆ ಕಿಸಕ್ಕನೆ ನಕ್ಕಳು. ಗೌಡರು, "ಅವ್ವಾ, ಹಂದೀ ಮಾತ ಬ್ಯಾರೆ, ಪೂಜಾದ ಮಾತ ಬ್ಯಾರೆ. ಹೆಣ್ಣಮಕ್ಕಳ ಕೈದು..." ಎಂದು ಶುರು ಮಾಡಿದರು.

ಗೌಡಶಾನಿ ತಿರುಗಿ ನೋಡಿದಳು. "ನಿನ್ನ ಹಡದಾಕಿ ನಾನು. ಹುಟ್ಟಿದ ಕೂಡ್ಲೆ ನಿನ್ನ ಮುಟ್ಟಿದಾಕಿ ಸೂಲಗಿತ್ತಿ. ಹೆಣ್ಣಮಕ್ಕಳ ಕೈ ಹತ್ತಿದ್ದು ನೀನು. ನೀ ದೇವರ ಮನ್ಯಾಗ ಬರ್ತೀಯಿಲ್ಲೋ?"

ಗೌಡರು ಬಂದೂಕನ್ನು ಚಾಪೆಯ ಮೇಲೆ ಇಟ್ಟರು. ನಾನು ಜಾಲಿಯ ಹಿಡಿ ತೆಗೆದು ಆಯಿಗೆ ಕೊಟ್ಟೆ, ಒಲೆಗೆ ಆಯಿತು. ಗೂಡಿನಿಂದ ನನ್ನದನ್ನು ತಂದು ಸೇರಿಸಿ ಪೇಚು ಬಿಗಿದು ಒಮ್ಮೆ ಎಳೆದು ದೂಡಿದೆ. ಅಂಗಡಿಯಲ್ಲಿ ಆ ಸದ್ದು ಕೇಳಿ ತಿಂಗಳಾಗಿತ್ತು. ಅಪ್ಪ ಕಣ್ಣು ಮುಚ್ಚಿದ. ಗೌಡಶಾನಿ ರುಮಾಲು ಹೊರತೆಗೆದು, "ಇದು ಹೆಣ್ಣ ತಲಿಗೆ ಬರೂದಿಲ್ಲ. ಸೀರಿ ಕೊಡ್ತೀನಿ, ಯಾವ ಬಣ್ಣ ಬೇಕು ಹೇಳವಾ" ಎಂದಳು. ನಾನು, "ಸೀರಿ ಬ್ಯಾಡ್ರಿ. ರುಮಾಲನ ಕೊಡ್ರಿ" ಎಂದೆ. ಆಕೆ ನನ್ನ ಮುಖ ನೋಡಿದಳು. ಆಮೇಲೆ ರುಮಾಲನ್ನು ಮಗನ ಕೈಗೆ ಹಾಕಿದಳು. "ಕಟ್ಟು." ಗೌಡರು ಕಟ್ಟಿದರು. ಹೆಣ್ಣಿನ ತಲೆಗೆ ಕಟ್ಟಿ ರೂಢಿಯಿಲ್ಲ, ಸಡಿಲಾಗಿ ಒಂದು ಸುತ್ತು ನನ್ನ ಕಿವಿಯ ಮೇಲೆ ಇಳಿಯಿತು. ಯಾರೂ ನಗಲಿಲ್ಲ. ಮರುವರ್ಷದ ಖಂಡೇನವಮಿಗೆ ಬಂದೂಕು ಕತ್ತಿಯ ಬಾಜೂಕೇ ಇತ್ತೆಂದು ಗೌಡಶಾನಿ ಹೇಳಿಕಳಿಸಿದಳು. ರುಮಾಲು ಕುಪ್ಪಸವಾಗಲಿಲ್ಲ. ಬಂದೂಕು ಒರೆಸುವ ಅರಿವೆಯಾಯಿತು, ಒಳ್ಳೆಯ ಅರಿವೆ, ಬಹಳ ದಿನ ಬಾಳಿತು.

ಅದಾದ ಮೇಲೆ ಬಂದೂಕುಗಳು ಮತ್ತೆ ಬಂದವು, ಮೊದಲಿನಷ್ಟಲ್ಲ. ಕೆಲವರು ಬಾಗಿಲವರೆಗೆ ಬಂದು ನನ್ನನ್ನು ನೋಡಿ ತಿರುಗಿ ಹೋದರು. ಹೋದವರು ಹೋಗಲಿ ಎಂದು ಪರದೆಯನ್ನೇ ಕಿತ್ತುಹಾಕಿದೆವು. ಎರಡು ವರ್ಷಕ್ಕೆ ಅಪ್ಪ ತೀರಿದ, ಆರು ತಿಂಗಳಿಗೆ ಆಯಿ. ಪರವಾನಗಿ ಅಪ್ಪನ ಹೆಸರಿನಲ್ಲಿತ್ತು. ನನ್ನ ಹೆಸರಿಗೆ ಮಾಡಿಕೊಡಿರೆಂದು ಕಚೇರಿಗೆ ಹೋದೆ. ಅಲ್ಲಿ ಕೂತಿದ್ದವನು ಮನೆಯಲ್ಲಿ ಗಂಡಸರು ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದೆ. ಅಂಗಡಿ ಮುಚ್ಚಿದ ಕಾಗದ ಮುಂದಿಟ್ಟು ಹೆಬ್ಬೆರಳು ಒತ್ತಿಸಿಕೊಂಡ. ಅದರ ಪಕ್ಕದಲ್ಲಿ ಏನೋ ಬರೆದ. ಏನು ಬರೆದಿರಿ ಎಂದೆ. ಅಕ್ಷರ ಬಾರದವಳು ಅಂತ, ಎಂದ. ನಾನು ಅಕ್ಷರ ಕಲಿತದ್ದು ಆ ಒಂದು ಸಾಲಿಗಾಗಿ, ತಡವಾಗಿಯಾದರೂ.

ಈಗ ಆ ಮನೆಯ ಜಾಗದಲ್ಲಿ ಫೋನು ಮಾರುವ ಅಂಗಡಿ ಇದೆ. ಹಿಂದಿನ ಓಣಿಯಲ್ಲಿ ಒಂದು ಮಗ್ಗವೂ ಇಲ್ಲ. ನಿಮಗೂ ಇಂಥ ಒಂದು ಮನೆ ಇದ್ದೀತು, ಅದರ ಮುಂದೆ ಹೋಗುವಾಗ ನೀವೂ ಬೇರೆ ಕಡೆ ನೋಡುತ್ತೀರಿ. ನಾನು ನೋಡುವುದು ಬಿಟ್ಟಿಲ್ಲ. ನಿಂತು ನೋಡುತ್ತೇನೆ, ಅಂಗಡಿಯವನು ಏನು ಬೇಕಜ್ಜಿ ಎಂದು ಕೇಳುವವರೆಗೆ. ಗೌಡರ ಮೊಮ್ಮಗ ಒಂದು ಮದುವೆಯಲ್ಲಿ ಸಿಕ್ಕಿದ್ದ. ಅಜ್ಜ ಹೋದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿದೆವು, ತಿರುಗಿ ತರಲಿಲ್ಲ, ಈಗ ಇದೆಯೋ ತುಂಡು ಮಾಡಿದರೋ ಗೊತ್ತಿಲ್ಲ ಎಂದ. ಅವನಿಗೆ ಅದು ಹಳೆಯ ಕಬ್ಬಿಣ. ಇರಲಿ. ತುಂಡು ಮಾಡುವವರು ಕಬ್ಬಿಣ ಕೊಯ್ದಾರು, ಕಟ್ಟಿಗೆಯನ್ನು ಮೂಲೆಗೆ ಎಸೆದಾರು. ಅದು ಹುಳ ಹಿಡಿಯುವ ಕಟ್ಟಿಗೆಯಲ್ಲ. ಯಾವತ್ತಾದರೂ ಯಾರಾದರೂ ಆ ಹಿಡಿಯನ್ನು ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದರೆ, ಹದಿನೈದು ವರ್ಷದ ಹುಡುಗಿಯ ಹೆಬ್ಬೆರಳು ಗೆರೆಗೆರೆಯಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಯಾರೂ ಏನೂ ಬರೆದಿಲ್ಲ.